ಯಾಕಪ್ಪನ ಸರಪಳಿ ಕುಣಿತ

ಸದ್ದು ಮಾಡುವವರ ಹತ್ತಿರ ಹೋಗಿ "ಸ್ವಲ್ಪ ಸುಮ್ಮನಿರಿ" ಎಂದು ಹೇಳುವುದಕ್ಕೆ ಒಂದು ಬಗೆಯ ಗಂಡೆದೆ ಬೇಕು. ನನಗೆ ಅದು ಹುಟ್ಟಿನಿಂದಲೇ ಇಲ್ಲ. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಪಕ್ಕದ ಕೋಣೆಯ ಪುಣ್ಯಾತ್ಮನೊಬ್ಬ ದಿನಾ ಬೆಳಗಿನ ಐದಕ್ಕೆ ಎದ್ದು, ಇಡೀ ಕಾರಿಡಾರು ಮೊಳಗುವಂತೆ ಗಂಟಲು ಮುಕ್ಕಳಿಸುತ್ತಿದ್ದ. ಉಳಿದವರು ಅವನ ಬಾಗಿಲು ಬಡಿದು ಜಗಳವಾಡಿದರು. ನಾನು ನಾಲ್ಕೂವರೆಗೇ ಏಳುವ ಅಭ್ಯಾಸ ಮಾಡಿಕೊಂಡೆ. ಎದ್ದೇ ಇರುವವನನ್ನು ಯಾರು ತಾನೇ ಎಬ್ಬಿಸಲು ಸಾಧ್ಯ? ನನ್ನ ಹೆಂಡತಿ ಸರೋಜ ಧಾರವಾಡದ ಕಡೆಯವಳು, ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಅರ್ಧ ಕ್ಷಣವೂ ಹಿಡಿಯದವಳು. ಈ ಕಥೆ ಕೇಳಿದಾಗಲೆಲ್ಲ "ನಿಮಗ ಒಂದು ಪದಕಾ ಕೊಡಬೇಕಿತ್ರಿ" ಎನ್ನುತ್ತಾಳೆ. ಯಾತಕ್ಕೆ ಪದಕ ಎಂದು ನಾನು ಇಲ್ಲಿಯವರೆಗೂ ಕೇಳಿಲ್ಲ. ಅದಕ್ಕೂ ಧೈರ್ಯ ಬೇಕಲ್ಲ.

ಇಂಥ ನನಗೆ ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ವರ್ಜೀನಿಯಾದ ರೆಸ್ಟನ್ನಿನ ಒಂದು ಆಫೀಸಿನಲ್ಲಿ, ಎದೆಮಟ್ಟದ ಬಟ್ಟೆಗೋಡೆಗಳ ಒಂದು ಗೂಡು ಸಿಕ್ಕಿತು. ಹಳೆಯ ಪ್ರೋಗ್ರಾಮುಗಳಲ್ಲಿ ಎರಡೇ ಅಂಕೆಯಲ್ಲಿ ಬರೆದಿದ್ದ ಇಸವಿಗಳನ್ನು ಹುಡುಕಿ ನಾಲ್ಕು ಅಂಕೆ ಮಾಡುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ಹುಟ್ಟಿದ ಮರುಕ್ಷಣ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆ ಎಂದು ಲೋಕಕ್ಕೆ ಲೋಕವೇ ಹೆದರಿದ್ದ ಕಾಲ ಅದು. ಹೆದರುವುದಕ್ಕೇ ಸಂಬಳ ಕೊಡುತ್ತಾರೆ ಎಂದರೆ ಆ ಹುದ್ದೆಗೆ ನನಗಿಂತ ಯೋಗ್ಯ ಯಾರಿದ್ದಾರೆ? ನೆಮ್ಮದಿಯಾಗಿ ಚಿಂತೆ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಗೂಡಿಗೆ ಹೊಸಬನೊಬ್ಬ ಬಂದ. ಅವನ ಮುಖ ನೋಡುವ ಮೊದಲೇ ನನಗೆ ಅವನ ಪಾದಗಳ ಪರಿಚಯವಾಯಿತು. ಧಪ್ ಧಪ್, ಧಪ್ ಧಪ್, ಆಮೇಲೆ ಸ್ವಲ್ಪ ಬೇರೆ ದನಿಯಲ್ಲಿ ಇನ್ನೊಂದು ಧಪ್ ಧಪ್. ಮತ್ತೆ ಮೊದಲಿನಿಂದ. ನನ್ನ ಮೇಜಿನ ಮೇಲಿನ ಕಾಫಿಯಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು.

ಮೊದಲ ದಿನ ಕಟ್ಟಡ ಕುಸಿಯುತ್ತಿದೆ ಎಂದುಕೊಂಡೆ. ಎರಡನೆಯ ದಿನ ನನ್ನ ರಕ್ತದೊತ್ತಡ ಇರಬೇಕು ಎಂದುಕೊಂಡು ಮಧ್ಯಾಹ್ನ ಔಷಧಿ ಅಂಗಡಿಗೆ ಹೋಗಿ, ಅಲ್ಲಿ ಪುಕ್ಕಟೆ ಇಟ್ಟಿರುವ ಯಂತ್ರದೊಳಗೆ ತೋಳು ತೂರಿಸಿ ಕುಳಿತೆ. ಯಂತ್ರ ನನಗೇನೂ ಆಗಿಲ್ಲ ಎಂದಿತು; ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ಮೂರನೆಯ ದಿನದಿಂದ ಮಾತ್ರ ಒಂದು ವಿಚಿತ್ರವಾಯಿತು. ಚಿಂತೆ ಮಾಡಬೇಕಾದ ಮನಸ್ಸು ಲೆಕ್ಕ ಹಾಕತೊಡಗಿತು. ಚಿಕ್ಕಂದಿನಲ್ಲಿ ಎರಡು ವರ್ಷ ಮೃದಂಗ ಕಲಿತವನು ನಾನು. ಮೇಷ್ಟರು ನಮ್ಮ ತಂದೆಯನ್ನು ಕರೆದು "ಹುಡುಗನಿಗೆ ತಾಳಜ್ಞಾನ ಇದೆ, ಆದರೆ ಮೃದಂಗಕ್ಕೆ ನೋವಾದೀತು ಅಂತ ಹೊಡೆಯೋದೇ ಇಲ್ಲ" ಎಂದು ಹೇಳಿ ಪಾಠ ಬಿಡಿಸಿಬಿಟ್ಟರು. ಆ ಉಳಿದ ತಾಳಜ್ಞಾನ ಈಗ ಎದ್ದು ಕುಳಿತಿತು. ಆರು ಅಕ್ಷರ, ನಾಲ್ಕು ಒಂದು ಕಡೆಗೆ, ಎರಡು ಇನ್ನೊಂದು ಕಡೆಗೆ. ನಮ್ಮ ರೂಪಕ ತಾಳವನ್ನೇ ಯಾರೋ ತಿರುಗಿಸಿ ಹಾಕಿಕೊಂಡಂತಿತ್ತು. ನನಗೆ ಗೊತ್ತಿಲ್ಲದಂತೆಯೇ ನನ್ನ ಬೆರಳುಗಳು ಮೇಜಿನ ಮೇಲೆ ಎಣಿಸತೊಡಗಿದವು. ಒಂದು ದಿನ ಹೀಗೇ ಎಣಿಸುತ್ತಿದ್ದಾಗ ಗೋಡೆಯಾಚೆಯ ಸದ್ದು ನಿಂತಿತು. ಗೋಡೆಯ ಮೇಲೆ ಮೊದಲು ಕೆಂಪುಗೂದಲು, ಆಮೇಲೆ ಎರಡು ನೀಲಿ ಕಣ್ಣು, ಆಮೇಲೆ ಕೊನೆಯೇ ಕಾಣದ ಒಂದು ಗಡ್ಡ ಮೂಡಿತು.

"ನೀವು ಎಣಿಸುತ್ತಿದ್ದೀರಿ" ಎಂದಿತು ಗಡ್ಡ, ಇಂಗ್ಲಿಷಿನಲ್ಲಿ.

"ಇಲ್ಲ, ಇಲ್ಲ, ಸಾರಿ" ಎಂದೆ. ನೆಲ ಅಲುಗಾಡಿಸಿದವನು ಅವನು, ಸಾರಿ ಹೇಳಿದವನು ನಾನು.

"ಸರಿಯಾಗಿಯೇ ಎಣಿಸುತ್ತಿದ್ದೀರಿ. ನಮ್ಮ ಡ್ರಮ್ಮರಿಗೇ ಇದು ಬಂದಿಲ್ಲ."

ಅವನ ಹೆಸರು ಯಾಕುಪ್. ಹೆಸರು ನಮ್ಮ ಮನೆ ತಲುಪುವ ಹೊತ್ತಿಗೆ ಯಾಕಪ್ಪ ಆಯಿತು, ಸರೋಜಳ ಬಾಯಲ್ಲಿ ಅದು ಇವತ್ತಿಗೂ ಹಾಗೇ ಇದೆ. ಫ್ಯಾರೋ ದ್ವೀಪಗಳವನಂತೆ. ಅಂಥದ್ದೊಂದು ಜಾಗ ಇದೆಯೆಂದು ನನಗೆ ಗೊತ್ತಿರಲಿಲ್ಲ. ಶನಿವಾರ ಲೈಬ್ರರಿಗೆ ಹೋಗಿ ದೊಡ್ಡ ಅಟ್ಲಾಸು ತೆಗೆದು ಹುಡುಕಿದೆ. ಸ್ಕಾಟ್ಲೆಂಡಿಗೂ ಐಸ್‌ಲೆಂಡಿಗೂ ನಡುವೆ ನೀಲಿ ಸಮುದ್ರದಲ್ಲಿ ಯಾರೋ ಕಾಫಿಪುಡಿ ಉದುರಿಸಿದ್ದರು. ಕರವಸ್ತ್ರದಿಂದ ಒರೆಸಿದೆ, ಹೋಗಲಿಲ್ಲ. ಅದೇ ಅವನ ದೇಶ. ಮನುಷ್ಯರಿಗಿಂತ ಕುರಿಗಳೇ ಹೆಚ್ಚಂತೆ, ಮರಗಳು ಇಲ್ಲವೆಂದರೂ ಸರಿಯಂತೆ, ಗಾಳಿಗೆ ಮಾತ್ರ ಬರವಿಲ್ಲವಂತೆ. ಅಲ್ಲಿ ಹಿಂದೆ ವಾದ್ಯಗಳೇ ಇರಲಿಲ್ಲವಂತೆ. ತಂತಿಯಿಲ್ಲ, ಕೊಳಲಿಲ್ಲ, ಮದ್ದಳೆಯಿಲ್ಲ. ಹಾಗಾಗಿ ಜನ ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾಗಿ ನಿಂತು, ಎಡಕ್ಕೆರಡು ಬಲಕ್ಕೊಂದು ಹೆಜ್ಜೆ ಹಾಕುತ್ತ, ನೆಲ ಕುಟ್ಟುತ್ತ, ನೂರಾರು ಪದ್ಯಗಳ ಕಥೆಗಳನ್ನು ಹಾಡುವುದು. ಒಬ್ಬ ಮುಂದಾಳು ಪದ್ಯ ಹೇಳುತ್ತಾನೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಪುಸ್ತಕ ನೋಡುವಂತಿಲ್ಲ. ಕಥೆಯನ್ನು ಪಾದಗಳೇ ನೆನಪಿಟ್ಟುಕೊಳ್ಳುತ್ತವೆ ಎಂದ ಯಾಕುಪ್. ನನ್ನ ಪಾದಗಳು ಈವರೆಗೆ ನೆನಪಿಟ್ಟುಕೊಂಡದ್ದು ಆಣಿಗಳನ್ನು ಮಾತ್ರ.

ಇದೆಲ್ಲ ಕೇಳುವುದಕ್ಕೆ ಚಂದವಾಗಿತ್ತು. ಆದರೆ ಯಾಕುಪ್ ಅಷ್ಟಕ್ಕೇ ಬಿಡಲಿಲ್ಲ. ಮೇರಿಲ್ಯಾಂಡಿನ ಇಬ್ಬರು ಅಣ್ಣತಮ್ಮಂದಿರ ಜೊತೆ ಸೇರಿ ಬ್ಯಾಂಡು ಕಟ್ಟಿದ್ದ. ಅಣ್ಣ ನಲ್ಲಿ ರಿಪೇರಿಯವನು, ಎಲೆಕ್ಟ್ರಿಕ್ ಗಿಟಾರು ಬಾರಿಸುತ್ತಾನೆ. ತಮ್ಮ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕ, ಡ್ರಮ್ ಬಾರಿಸುತ್ತಾನೆ. ಯುರೋಪಿನ ಉತ್ತರ ತುದಿಯವರ ಹಳೆಯ ದೇವರ ಕಥೆಗಳನ್ನೂ ಫ್ಯಾರೋದ ಸರಪಳಿ ಹಾಡುಗಳನ್ನೂ ಈ ಗಿಟಾರಿನ ಗರ್ಜನೆಗೆ ಕಟ್ಟಿ ಹಾಡುವುದು ಅವರ ಸಂಗೀತ. ಆ ದೇವರುಗಳ ವಿಚಾರ ಅವನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದ, ನಾನು ಮನೆಗೆ ತಂದು ಸರೋಜಳಿಗೆ ಹೇಳುತ್ತಿದ್ದೆ. ಭೂಮಿಯನ್ನು ಸುತ್ತಿಕೊಂಡು ತನ್ನ ಬಾಲ ತಾನೇ ಕಚ್ಚಿಕೊಂಡಿರುವ ಸರ್ಪ. ಸೂರ್ಯನನ್ನು ನುಂಗಲು ಓಡುತ್ತಿರುವ ತೋಳ. ಒಂದು ಗುಟುಕು ಜ್ಞಾನದ ನೀರಿಗೆ ಒಂದು ಕಣ್ಣನ್ನೇ ಕಿತ್ತು ಬಾವಿಗೆ ಹಾಕಿದ ದೇವರು, ಅವನಿಗೆ ಎಂಟು ಕಾಲಿನ ಕುದುರೆ. ಸರೋಜ ಒಗ್ಗರಣೆಗೆ ಸಾಸಿವೆ ಹಾಕುತ್ತ ಎಲ್ಲ ಕೇಳಿಸಿಕೊಂಡಳು. "ಸರ್ಪಾ ಐತಿ, ಸೂರ್ಯಾನ್ನ ನುಂಗೂದೂ ಐತಿ. ನಮ್ಮ ಮಂದೀನ ಅವ್ರು. ಆದ್ರ ಎಂಟ ಕಾಲಿನ ಕುದುರಿ ಎಡವಿದ್ರ ಯಾವ ಕಾಲು ಉಳುಕೇತಿ ಅಂತ ಹುಡುಕೋದು ಹೆಂಗ್ರಿ?" ಎಂದಳು. ಮರುದಿನ ಯಾಕುಪ್‌ನನ್ನು ಕೇಳಿದೆ. ಅವನು ಬೆರಳು ಮಡಿಸಿ ಎಂಟರವರೆಗೆ ಎಣಿಸಿ, "ಇದನ್ನು ನಮ್ಮಲ್ಲಿ ಯಾರೂ ಕೇಳಿಲ್ಲ" ಎಂದ.

ಒಂದು ಶನಿವಾರ ಮಧ್ಯಾಹ್ನ ಅವರ ತಾಲೀಮಿಗೂ ಹೋದೆವು. ಪಕ್ಕದ ಊರು ಹರ್ನ್‌ಡನ್ನಿನ ಹತ್ತಿರ, ಜನ ಮನೆಯಲ್ಲಿ ಹಿಡಿಸದ ಸಾಮಾನು ಇಡಲು ಬಾಡಿಗೆಗೆ ಹಿಡಿಯುವ ಕಬ್ಬಿಣದ ಬಾಗಿಲಿನ ಗೋದಾಮುಗಳಿವೆಯಲ್ಲ, ಅಂಥದ್ದೊಂದರಲ್ಲಿ. ಒಂದು ಮುರುಕು ಸೋಫಾದ ಮೇಲೆ ನಮ್ಮಿಬ್ಬರನ್ನು ಕೂರಿಸಿದರು. ಗಿಟಾರು ಶುರುವಾದ ಕೂಡಲೇ ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ. ಹಿಟ್ಟಿನ ಗಿರಣಿಯೊಳಗೆ ತಲೆಯಿಟ್ಟಂತೆ ಆಗುತ್ತಿತ್ತು. ಆದರೆ ಅದರ ಮೇಲೆ ಯಾಕುಪ್‌ನ ಗಂಟಲು ಎದ್ದಿತು ನೋಡಿ, ಅದು ಬೇರೆಯೇ. ಅಬ್ಬರವಿಲ್ಲ, ಆಲಾಪವಿಲ್ಲ, ಹಿರಿಯರು ಮನೆಯ ವಿಷಯ ಹೇಳಿದ ಹಾಗೆ ಸಲೀಸಾಗಿ ಒಂದರ ಹಿಂದೊಂದು ಸಾಲು. ಸರೋಜ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು: "ನಮ್ಮ ಅಜ್ಜಿ ಬೀಸೂ ಮುಂದ ಹಿಂಗ ಹಾಡ್ತಿದ್ಳು! ಕಲ್ಲಿನ ಸಪ್ಪಳಾ ಕೆಳಗ, ಹಾಡು ಮ್ಯಾಲೆ!" ಹೌದಲ್ಲ ಎನ್ನಿಸಿತು. ಬೀಸುವ ಕಲ್ಲಿಗೆ ವಿದ್ಯುತ್ತು ಕೊಟ್ಟಿದ್ದಾರೆ, ಅಷ್ಟೇ ತಾನೇ.

ತಾಲೀಮು ಮುಗಿದ ಮೇಲೆ ಯಾಕುಪ್ ಯಾಕೋ ಮಂಕಾಗಿ ಕುಳಿತ. ವಿಷಯ ಆಗ ಹೊರಬಂತು. ಅವನ ತಾಯಿ ಸುನ್ನೇವಾ ಮುಂದಿನ ತಿಂಗಳು ಮೂರು ವಾರಕ್ಕೆ ಬರುತ್ತಿದ್ದರು. ಅವನ ಅಜ್ಜ ತಮ್ಮ ಊರಿನಲ್ಲಿ ಸರಪಳಿಯ ಮುಂದಾಳಾಗಿದ್ದವರು. ಜೀವಮಾನವೆಲ್ಲ ಕೂತು ಕೈಯಿಂದ ಬರೆದಿಟ್ಟ ಹಾಡುಗಳ ಒಂದು ದಪ್ಪ ಪುಸ್ತಕವಿದೆ. ಅಜ್ಜ ತೀರಿಕೊಂಡ ಮೇಲೆ ಅದು ತಾಯಿಯ ಪೆಟ್ಟಿಗೆಯಲ್ಲಿದೆ. ಮೊಮ್ಮಕ್ಕಳಲ್ಲಿ ಒಬ್ಬರಿಗೆ ಕೊಡಬೇಕು. ಊರಿನಲ್ಲಿರುವ ಸೋದರಸಂಬಂಧಿ ಶಾಲಾಮಾಸ್ತರ, ಅಚ್ಚುಕಟ್ಟಾಗಿ ಕ್ರಾಪು ತೆಗೆಸಿಕೊಂಡವನು, ಅವನಿಗೇ ಕೊಡುವ ಮನಸ್ಸು ಆಕೆಗೆ. "ಗಿಟಾರು ಹಿಡಿದವನಿಗೆ ಆ ಪುಸ್ತಕ ಯಾಕೆ?" ಎಂಬುದು ಆಕೆಯ ಪ್ರಶ್ನೆ. ಕೊನೆಗೆ ಒಂದು ಮಾತಿಗೆ ಒಪ್ಪಿದ್ದರು: ಒಂದು ದೊಡ್ಡ ಹಾಡನ್ನು, ಎಂಬತ್ತು ಚಿಲ್ಲರೆ ಪದ್ಯ, ಪುಸ್ತಕ ನೋಡದೆ, ನಿಜವಾದ ಸರಪಳಿಯ ಮುಂದೆ ನಿಂತು ಕೊನೆಯವರೆಗೂ ನಡೆಸಿ ತೋರಿಸಲಿ, ಆಗ ನೋಡೋಣ.

"ಹಾಡು ಬರುತ್ತದೆ" ಎಂದ ಯಾಕುಪ್. "ಸರಪಳಿಗೆ ಜನ ಎಲ್ಲಿ? ವರ್ಜೀನಿಯಾದಲ್ಲಿರುವ ಫ್ಯಾರೋದವನು ನಾನೊಬ್ಬ. ಅಮ್ಮ ಬಂದರೆ ಇಬ್ಬರು."

ಇಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ನಮ್ಮ ಹತ್ತಿರ ಜನ ಇದ್ದಾರೆ" ಎಂದಿತು. "ಯುಗಾದಿ ಕಾರ್ಯಕ್ರಮ ಇದೆ. ನೂರೈವತ್ತು ಜನ ಬರುತ್ತಾರೆ." ಸರೋಜ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು.

ಆ ವರ್ಷ ನಾನು ನಮ್ಮ ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ. ಬೇಡವೆನ್ನಲು ಧೈರ್ಯವಿಲ್ಲದವನು ಯಾವ ಕೂಟದಲ್ಲಾದರೂ ಬೇಗ ಈ ಹುದ್ದೆಗೆ ಏರುತ್ತಾನೆ. ಅಧ್ಯಕ್ಷರು ರಂಗನಾಥ್, ಬೆಂಗಳೂರಿನವರು, ಗಡಿಯಾರ ನೋಡಿಕೊಂಡೇ ಮಾತಾಡುವವರು. ಫೋನು ಮಾಡಿದೆ. "ಏನ್ರೀ ಶ್ರೀಕಂಠಯ್ಯ, ಫೋಕ್ ಡ್ಯಾನ್ಸ್ ತಾನೇ? ಟೆನ್ ಮಿನಿಟ್ಸ್ ಕೊಡ್ತೀನಿ. ಮಕ್ಕಳ ಫ್ಯಾನ್ಸಿ ಡ್ರೆಸ್ ಆದ್ಮೇಲೆ, ಭರತನಾಟ್ಯಕ್ಕೆ ಮುಂಚೆ ಹಾಕ್ಕೊಳ್ಳಿ. ಆದ್ರೆ ಸಿಕ್ಸ್ ಥರ್ಟಿಗೆ ಡಿನ್ನರ್ ಓಪನ್ ಮಾಡ್ಲೇಬೇಕು. ಫಾರಂ ಫಿಲ್ ಮಾಡಿ ಕಳ್ಸಿ" ಎಂದರು. ಫಾರಮ್ಮು ತುಂಬಿಸಲು ಕುಳಿತೆ. 'ವಾದ್ಯಗಳು' ಎಂಬ ಕಡೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ ಸೆಟ್ಟು ಎಂದು ಬರೆದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 'ತಂತಿವಾದ್ಯ, ಚರ್ಮವಾದ್ಯ' ಎಂದು ಬರೆದೆ. 'ವಿಷಯ' ಎಂಬ ಕಡೆ 'ಪೌರಾಣಿಕ' ಎಂದು ಬರೆದೆ. 'ಅವಧಿ' ಎಂಬ ಕಡೆ ಹತ್ತು ನಿಮಿಷ. ಸುಳ್ಳು ಅಂತ ಇದ್ದದ್ದು ಅದೊಂದೇ. ಆ ಹಾಡಿನಲ್ಲಿ ರಾಜಕುಮಾರ ಹಡಗು ಹತ್ತುವುದೇ ಹನ್ನೆರಡನೆಯ ಪದ್ಯದಲ್ಲಿ, ದೈತ್ಯ ಮುಖ ತೋರಿಸುವುದು ಇಪ್ಪತ್ತೊಂದರಲ್ಲಿ. ಪೀಠಿಕೆಯಲ್ಲೇ ಒಂದು ಗಂಟೆ ಕಳೆಯುವ ನಮ್ಮ ಕಡೆಯ ಹರಿಕಥೆ ದಾಸರು ಇವರ ಮುಂದೆ ಅವಸರದ ಮನುಷ್ಯರು.

ಮೂರು ಭಾನುವಾರ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅಭ್ಯಾಸ ನಡೆಯಿತು. ಪಲ್ಲವಿಯನ್ನು ಕನ್ನಡ ಅಕ್ಷರದಲ್ಲಿ ಬರೆದು ಹಂಚಿದೆ. ಸರೋಜಳ ಭಜನಾ ಮಂಡಳಿಯ ಹೆಂಗಸರು ಅದನ್ನು ಒಂದೇ ಮಧ್ಯಾಹ್ನ ಬಾಯಿಪಾಠ ಮಾಡಿಬಿಟ್ಟರು. ಅರ್ಥ ಯಾರೂ ಕೇಳಲಿಲ್ಲ. ಎಷ್ಟು ಸಂಸ್ಕೃತದ ಸ್ತೋತ್ರಗಳಿಗೆ ಅರ್ಥ ಕೇಳಿದ್ದೇವೆ? ಹೆಜ್ಜೆಯೂ ಎಲ್ಲರಿಗೂ ಬಂತು, ನನ್ನೊಬ್ಬನನ್ನು ಬಿಟ್ಟು. ತಾಳ ಗೊತ್ತಿದ್ದ ನನಗೆ ಎಡಬಲ ಗೊತ್ತಾಗುತ್ತಿರಲಿಲ್ಲ. "ನೀವು ನಡುವ ನಿಂದರ್ರಿ, ಎರಡೂ ಕಡಿಯವ್ರು ಎಳಕೊಂಡು ಹೋಗ್ತಾರ" ಎಂದು ಸರೋಜ ವ್ಯವಸ್ಥೆ ಮಾಡಿದಳು. ಯಾಕುಪ್‌ಗೆ ಒಂದೇ ಕೊರಗು. ಬೇಸ್‌ಮೆಂಟಿನ ನೆಲಕ್ಕೆ ಮೆತ್ತನೆಯ ಕಾರ್ಪೆಟ್ಟು, ಕುಟ್ಟಿದ ಸದ್ದೇ ಕೇಳದು. "ಪರವಾಗಿಲ್ಲ, ಕಾರ್ಯಕ್ರಮ ನಡೆಯುವ ಶಾಲೆಯ ಜಿಮ್ಮಿನದು ಮರದ ನೆಲ" ಎಂದು ತನಗೆ ತಾನೇ ಹೇಳಿಕೊಂಡ. ಹೋಗಿ ನೋಡಿಕೊಂಡೂ ಬಂದಿದ್ದ, ಬೂಟುಗಾಲಿನಿಂದ ಕುಟ್ಟಿ ಪರೀಕ್ಷೆಯನ್ನೂ ಮಾಡಿದ್ದ. ದೈತ್ಯ ಬರುವವರೆಗೆ, ಅಂದರೆ ಇಪ್ಪತ್ತು ಪದ್ಯದವರೆಗೆ, ಗಿಟಾರು ಡ್ರಮ್ಮು ಸುಮ್ಮನಿರಬೇಕು, ಸರಪಳಿಗೆ ಹೆಸರು ಕೊಟ್ಟ ಅರವತ್ತು ಜನರ ಪಾದಗಳದ್ದೇ ಗುಡುಗು, ತಾಯಿಗೆ ಊರೇ ಎದ್ದು ಬಂದಂತೆ ಅನ್ನಿಸಬೇಕು ಎಂಬುದು ಅವನ ಯೋಜನೆ.

ಯುಗಾದಿಯ ದಿನ ಸುನ್ನೇವಾ ಬಂದರು. ಎತ್ತರದ ಹೆಂಗಸು, ಹೆಗಲ ಮೇಲೆ ಕೈನೇಯ್ಗೆಯ ಶಾಲು, ಅದಕ್ಕೆ ಬೆಳ್ಳಿಯ ಪಿನ್ನು, ಕಾಲಲ್ಲಿ ಲೇಸು ಕಟ್ಟಿದ ಗಟ್ಟಿ ಬೂಟು. ಮೊದಲ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷಕರಂತೆ ಕುಳಿತರು. ಬೇವು ಬೆಲ್ಲ ಕೊಟ್ಟರೆ ಬೇವನ್ನು ಮಾತ್ರ ಅಗಿದು, ಬೆಲ್ಲವನ್ನು ಪಕ್ಕದ ಮಗುವಿಗೆ ಕೊಟ್ಟರು. ಫ್ಯಾನ್ಸಿ ಡ್ರೆಸ್ ಮುಗಿಯಿತು. ನಾನು ಮೈಕಿನಲ್ಲಿ, ಕುಣಿತಕ್ಕೆ ಸೇರುವವರೆಲ್ಲ ಬರಬೇಕು ಎಂದೆ. ಅಭ್ಯಾಸಕ್ಕೆ ಬಂದಿದ್ದವರೆಲ್ಲ ಎದ್ದರು. ಎದ್ದವರು ಮೊದಲು ಏನು ಮಾಡಿದರು ಎಂದರೆ, ಚಪ್ಪಲಿ, ಶೂ, ಬೂಟು ಎಲ್ಲವನ್ನೂ ಕಳಚಿ ಗೋಡೆಯ ಬದಿಗೆ ಸಾಲಾಗಿ ಇಟ್ಟರು.

ಯಾಕೆ ಎಂದು ನಿಮಗೆ ಹೇಳಬೇಕಾಗಿಲ್ಲ. ವೇದಿಕೆಯ ಮುಂದೆ ಸರಸ್ವತಿಯ ಪಟ ಇಟ್ಟು ದೀಪ ಹಚ್ಚಿದ್ದೆವು. ದೀಪ ಉರಿಯುವ ಕಡೆ, ಅದೂ ಕುಣಿಯುವಾಗ, ಯಾರು ಚಪ್ಪಲಿ ಹಾಕಿಕೊಳ್ಳುತ್ತಾರೆ? ಮೂರು ಭಾನುವಾರ ಬೇಸ್‌ಮೆಂಟಿಗೂ ಎಲ್ಲರೂ ಬರಿಗಾಲಿನಲ್ಲೇ ಬಂದಿದ್ದರು. ಕಾರ್ಪೆಟ್ಟಿನ ಗಲಾಟೆಯಲ್ಲಿ ಅದು ಯಾಕುಪ್‌ನ ಲಕ್ಷ್ಯಕ್ಕೇ ಬಂದಿರಲಿಲ್ಲ. ನನಗೋ, ಜಗತ್ತಿನಲ್ಲಿ ಆಗಬಹುದಾದ ಅನಾಹುತಗಳನ್ನೆಲ್ಲ ಮೊದಲೇ ಚಿಂತಿಸಿಡುವ ನನಗೆ, ಇದೊಂದು ಹೊಳೆದಿರಲಿಲ್ಲ. ನನ್ನ ಶೂ ಕೂಡ ಆ ಸಾಲಿನಲ್ಲೇ ಇತ್ತು.

ಅರವತ್ತು ಜನ ಕೈಹಿಡಿದು ದುಂಡಗೆ ನಿಂತೆವು. ಯಾಕುಪ್ ಉಸಿರೆಳೆದು ಮೊದಲ ಸಾಲು ಹಾಡಿದ. ಎಲ್ಲರೂ ಪಲ್ಲವಿ ಹಿಡಿದು ಎಡಗಾಲು ಕುಟ್ಟಿದೆವು. ಒದ್ದೆ ಟವೆಲು ನೆಲಕ್ಕೆ ಬಿದ್ದರೆ ಬರುತ್ತದಲ್ಲ, ಅಂಥ ಒಂದು ಸದ್ದು ಬಂತು. ಯಾಕುಪ್ ಕೆಳಗೆ ನೋಡಿದ. ನೂರಿಪ್ಪತ್ತು ಪಾದಗಳಲ್ಲಿ ಅವನ ಎರಡು ಬೂಟು ಮಾತ್ರ. ಅವನ ಮುಖದ ಬಣ್ಣ ಗಡ್ಡದ ಬಣ್ಣಕ್ಕೆ ತಿರುಗಿತು. ಹಾಡು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಪುಸ್ತಕ ಹೋಯಿತು. ಎರಡನೆಯ ಪದ್ಯ, ಮೂರನೆಯ ಪದ್ಯ, ಟವೆಲು ಬೀಳುತ್ತಲೇ ಇತ್ತು. ಆಗ ಮೊದಲ ಸಾಲಿನಿಂದ ಸುನ್ನೇವಾ ಎದ್ದರು. ಮುಗಿಯಿತು, ಎದ್ದು ಹೊರಟರು ಎಂದುಕೊಂಡೆ. ಅವರು ಗೋಡೆಯ ಬದಿಗೆ ಹೋಗಿ ಆ ಚಪ್ಪಲಿಗಳ ಸಾಲನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚಿ, ನನ್ನ ಶೂಗಳ ಪಕ್ಕಕ್ಕೆ ಅವನ್ನು ಇಟ್ಟು, ಬೂದು ಬಣ್ಣದ ಉಣ್ಣೆಯ ಕಾಲುಚೀಲದಲ್ಲಿ ನೇರ ನಮ್ಮ ಕಡೆಗೆ ಬಂದರು. ನನ್ನ ಮತ್ತು ಸರೋಜಳ ಕೈಗಳನ್ನು ಬಿಡಿಸಿ ನಡುವೆ ನಿಂತರು. ಮಗನ ಕಡೆ ಒಂದು ಮಾತು ಎಸೆದರು. "ನನ್ನ ಅಜ್ಜಿಯ ಮನೆಯಲ್ಲೂ ಬೂಟು ಹೊರಗೇ" ಎಂದರಂತೆ, ಆಮೇಲೆ ಗೊತ್ತಾಯಿತು. ಯಾಕುಪ್ ಹಾಡುತ್ತಲೇ ಒಂದೊಂದೇ ಬೂಟನ್ನು ಒದ್ದು ಬಿಸಾಡಿದ.

ಅಷ್ಟರಲ್ಲಿ ನನ್ನ ಬೆನ್ನು ಯಾರೋ ತಟ್ಟಿದರು. ಮುಂದಿನ ಸರದಿಗೆ ಕಾಯುತ್ತಿದ್ದ ಭರತನಾಟ್ಯದ ಎಂಟು ಹುಡುಗಿಯರು. "ಅಂಕಲ್, ಕ್ಯಾನ್ ವಿ ಜಾಯಿನ್? ನಮ್ದು ಟರ್ನ್ ಇನ್ನೂ ಬಂದಿಲ್ಲ, ಸೋ ಬೋರಿಂಗ್" ಎಂದಳು ಅವರಲ್ಲಿ ದೊಡ್ಡವಳು. ಬೇಡ ಎನ್ನುವ ಅಭ್ಯಾಸ ನನಗಿಲ್ಲ. ಅವರು ಅಲ್ಲೊಬ್ಬಳು ಇಲ್ಲೊಬ್ಬಳು ಸರಪಳಿಯೊಳಗೆ ತೂರಿಕೊಂಡರು, ಎಂಟು ಜನರ ಕಾಲಿಗೂ ಗೆಜ್ಜೆ. ಮುಂದಿನ ಹೆಜ್ಜೆಗೆ ಇಡೀ ಜಿಮ್ಮು ಝಲ್ ಎಂದಿತು. ಹೆಂಗಸರ ಗಾಜಿನ ಬಳೆಗಳು ಅದಕ್ಕೆ ಸೇರಿದವು. ಗುಡುಗು ಬರಬೇಕಾದ ಕಡೆ ಮಳೆ ಬಂತು. ಸುನ್ನೇವಾ ತಲೆ ಎತ್ತಿ ಸುತ್ತ ನೋಡಿದರು. ಅವರ ಬಾಯಿಯ ಒಂದು ಮೂಲೆ ಅಲುಗಿದ್ದನ್ನು ನಾನು ಕಂಡೆ.

ಇಪ್ಪತ್ತೊಂದನೆಯ ಪದ್ಯ ಬಂತು, ದೈತ್ಯ ಬಂದ. ವೇದಿಕೆಯ ಮೇಲಿದ್ದ ನಲ್ಲಿ ರಿಪೇರಿಯ ಅಣ್ಣ ಗಿಟಾರಿನ ಮೇಲೆ ಕೈ ಎಳೆದ, ಹಲ್ಲಿನ ತಮ್ಮ ಡ್ರಮ್ಮುಗಳ ಮೇಲೆ ಬಿದ್ದ. ಹಿಂದಿನ ಸಾಲಿನಲ್ಲಿ ಒಂದು ಮಗು ಅತ್ತಿತು, ಒಬ್ಬ ಹಿರಿಯರು ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ಊಟದ ಮೇಜುಗಳ ಕಡೆಯಿಂದ ಅಧ್ಯಕ್ಷ ರಂಗನಾಥ್ ಸರಸರನೆ ಬರತೊಡಗಿದರು, ಒಂದು ಕೈಯಲ್ಲಿ ನಾನು ತುಂಬಿಸಿದ ಫಾರಮ್ಮು, ಇನ್ನೊಂದು ಕೈಯ ಬೆರಳು ಗಡಿಯಾರದ ಮೇಲೆ. "ಶ್ರೀಕಂಠಯ್ಯ! ಇದೇನ್ರೀ ಇದು? ತಂತಿವಾದ್ಯ ಅಂದ್ರೆ ವೀಣೆ ಅನ್ಕೊಂಡಿದ್ದೆ ಕಣ್ರೀ! ಸ್ಟಾಪ್ ಮಾಡ್ಸಿ!" ಎಂದು ಕೂಗಿದ್ದು ತುಟಿಯ ಚಲನೆಯಿಂದ ತಿಳಿಯಿತು. ನನ್ನಲ್ಲಿದ್ದ ಶಕ್ತಿಯೆಲ್ಲ ಕೈಗಳಿಗೆ ಬಂತು. ಅವರು ಇನ್ನೇನು ವೇದಿಕೆ ಹತ್ತಬೇಕು, ಸರೋಜ ಪಕ್ಕದ ಕೈ ಬಿಡಿಸಿಕೊಂಡು ಅವರ ಮಣಿಕಟ್ಟು ಹಿಡಿದಳು. "ರಂಗನಾಥ್ ಅವರ, ಹಿಂಗ ಬರ್ರಿ. ಎಡಕ್ಕೆರಡು, ಬಲಕ್ಕೊಂದು. ಚಪ್ಪಲಿ ಬಿಡ್ರಿ ಮೊದಲ, ದೀಪಾ ಐತಿ!" ದೀಪದ ಹೆಸರು ಹೇಳಿದರೆ ಯಾವ ಅಧ್ಯಕ್ಷರೂ ನಿಲ್ಲಬೇಕಾದ್ದೇ. ಶೂ ಕಳಚಿದರು. ಸರಪಳಿಯೊಳಗೆ ಬಂದ ಮೇಲೆ ಎರಡೂ ಕೈ ಬೇರೆಯವರ ವಶ, ಗಡಿಯಾರ ನೋಡುವುದು ಹೇಗೆ? ಬಿಸಿಬೇಳೆ ಬಾತು ಆರತೊಡಗಿತು.

ಐವತ್ತನೆಯ ಪದ್ಯದ ಸುಮಾರಿಗೆ ಇನ್ನೊಂದು ಗಂಡಾಂತರ. ಪಲ್ಲವಿ ಮುಗಿಯಿತು, ಯಾಕುಪ್‌ನ ಬಾಯಿ ತೆರೆಯಿತು, ಪದ್ಯ ಬರಲಿಲ್ಲ. ಮರೆತಿದ್ದ. ಅವನ ಕಣ್ಣು ತಾಯಿಯ ಕಡೆ ಓಡಿತು. ಸುನ್ನೇವಾಗೆ ಪದ್ಯ ಗೊತ್ತಿತ್ತು, ಅದು ಅವರ ಮುಖದಲ್ಲೇ ಇತ್ತು. ಆದರೆ ತುಟಿಗಳನ್ನು ಬಿಗಿಹಿಡಿದು ನೆಲ ನೋಡುತ್ತ ಹೆಜ್ಜೆ ಹಾಕಿದರು. ಇಲ್ಲಿ ಫ್ಯಾರೋದವರೇ ಇದ್ದಿದ್ದರೆ ಮುಂದಾಳು ತಪ್ಪಿದನೆಂದು ತಿಳಿದು ಸರಪಳಿ ಬಿಚ್ಚುತ್ತಿತ್ತೋ ಏನೋ. ನಮ್ಮವರಿಗೆ ತಿಳಿಯುವುದು ಹೇಗೆ? ಭಜನೆಯಲ್ಲಿ ಹೇಳಿಕೊಡುವವರು ಮುಂದಿನ ಸಾಲು ಕೊಡಲಿಲ್ಲವೆಂದರೆ ಇದ್ದ ಸಾಲನ್ನೇ ಮತ್ತೆ ಹೇಳುವುದು ನಮಗೆ ರೂಢಿ. ಸರೋಜಳ ಮಂಡಳಿ ಪಲ್ಲವಿಯನ್ನು ಎರಡನೆಯ ಸಲ ಎತ್ತಿಕೊಂಡಿತು. ಮೂರನೆಯ ಸಲಕ್ಕೆ, ಅದೂ ರೂಢಿಯೇ, ವೇಗ ಏರಿತು. ನಾಲ್ಕನೆಯ ಸಲಕ್ಕೆ ಚಪ್ಪಾಳೆ ತಟ್ಟಲು ಕೈ ಖಾಲಿಯಿಲ್ಲದೆ ಎಲ್ಲರೂ ಹಿಡಿದ ಕೈಗಳನ್ನೇ ಮೇಲಕ್ಕೂ ಕೆಳಕ್ಕೂ ಬೀಸತೊಡಗಿದರು. ಹಲ್ಲಿನ ತಮ್ಮ ಅಷ್ಟು ದಿನ ಬಾರದಿದ್ದ ತಾಳ ತಟ್ಟನೆ ಕೈಗೆ ಬಂದವನಂತೆ ಹಲ್ಲೆಲ್ಲ ತೋರಿಸಿ ಬಾರಿಸುತ್ತಿದ್ದ. ಐದನೆಯ ಸುತ್ತಿಗೆ ಯಾಕುಪ್‌ನ ಪಾದಗಳಿಗೆ ಪದ್ಯ ನೆನಪಾಯಿತು. ಅಲ್ಲಿಂದ ಕೊನೆಯ ಪದ್ಯದವರೆಗೂ ಅವನು ತಿರುಗಿ ನೋಡಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು, ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಸುನ್ನೇವಾ ಹೋಗಿ ಬೂಟು ಹಾಕಿಕೊಂಡರು. ಆರಿದ ಬಿಸಿಬೇಳೆ ಬಾತನ್ನು ಎರಡು ಸಲ ಬಡಿಸಿಕೊಂಡರು. ಅದರಿಂದ ಯಾವ ತೀರ್ಮಾನಕ್ಕೂ ಬರುವಂತಿರಲಿಲ್ಲ.

ತೀರ್ಮಾನ ಗೊತ್ತಾದದ್ದು ಅವರು ಊರಿಗೆ ಹೊರಟ ಮರುದಿನ. ಯಾಕುಪ್ ನನ್ನ ಗೂಡಿಗೆ ಬಂದು, ಎರಡೂ ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಟ್ಟ. ಕರಿಬಟ್ಟೆಯ ಹೊದಿಕೆ, ಒಳಗೆ ಇರುವೆಸಾಲಿನಂಥ ಅಕ್ಷರ. ಮುಟ್ಟಿದರೆ ಹರಿದೀತೆಂದು ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಪೆಟ್ಟಿಗೆಯಲ್ಲಿ ತಂದೇ ಇದ್ದರು. ನಿನ್ನೆ ಏರ್‌ಪೋರ್ಟಿನಲ್ಲಿ ಕೊಟ್ಟರು" ಎಂದ. "'ನೀನು ಮರೆತೆ. ಆದರೆ ಸರಪಳಿ ನಿನಗೋಸ್ಕರ ಕಾಯಿತು. ಕಾಯುವ ಸರಪಳಿ ಯಾರಿಗಿದೆಯೋ ಪುಸ್ತಕ ಅವರದು' ಎಂದರು."

ಫಾರಮ್ಮಿನಲ್ಲಿ ಬರೆದದ್ದು, ಅಧ್ಯಕ್ಷರು ಅಂದಿನಿಂದ ಫೋನು ತೆಗೆಯದಿರುವುದು, ಎಲ್ಲ ಸಾರ್ಥಕವೆನ್ನಿಸಿತು.

"ನಿಮ್ಮ ವಿಷಯವೂ ಹೇಳಿದರು" ಎಂದ ಯಾಕುಪ್. "ಗಿಟಾರು ಶುರುವಾದಾಗ ಅವರಿಗೆ ತಡೆಯಲಾಗಲಿಲ್ಲವಂತೆ. ಬೂಟು ಹಾಕಿಕೊಂಡು ಹೊರಟೇಬಿಡೋಣ ಎಂದು ಕೈ ಎಳೆದುಕೊಂಡರಂತೆ. ನೀವು ಬಿಡಲಿಲ್ಲವಂತೆ. ಎರಡನೆಯ ಸಲ ಜೋರಾಗಿ ಎಳೆದರಂತೆ. ನೀವು ಇನ್ನೂ ಗಟ್ಟಿಯಾಗಿ ಹಿಡಿದಿರಂತೆ. ಉಂಗುರದ ಗುರುತು ಮೂರು ದಿನ ಇತ್ತು, ನಾನೇ ನೋಡಿದೆ. ಆಮೇಲೆ ಅವರು, ಈ ಮನುಷ್ಯ ಹಾಡಿನಲ್ಲಿ ಇಷ್ಟು ಮುಳುಗಿರುವಾಗ ನಾನು ಹೇಗೆ ಹೋಗಲಿ ಎಂದು ನಿಂತರಂತೆ. ನಿಮ್ಮನ್ನು ಒಂದು ಪ್ರಶ್ನೆ ಕೇಳು ಎಂದಿದ್ದಾರೆ. ಯಾವ ಪದ್ಯ ನಿಮ್ಮನ್ನು ಅಷ್ಟು ಹಿಡಿದದ್ದು?"

ಅವರು ಕೈ ಎಳೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಫಾರಮ್ಮು ಹಿಡಿದು ಬರುತ್ತಿದ್ದ ರಂಗನಾಥ್ ಒಬ್ಬರೇ. ಹೆದರಿಕೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದೆ, ಅಷ್ಟೇ. ಕಂಬ ಸಿಕ್ಕಿದ್ದರೆ ಕಂಬ. ಆದರೆ ಮಧ್ಯವಯಸ್ಸಿನಲ್ಲಿ ಮನುಷ್ಯನಿಗೆ ಇಂಥ ಮರ್ಯಾದೆ ಎಷ್ಟು ಸಲ ಸಿಗುತ್ತದೆ? ನನಗೆ ಸಂಖ್ಯೆ ಗೊತ್ತಿದ್ದದ್ದು ಒಂದೇ ಪದ್ಯದ್ದು. ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು, "ಇಪ್ಪತ್ತೊಂದನೆಯದು" ಎಂದೆ.

ಯಾಕುಪ್ ನನ್ನನ್ನು ನೋಡಿದ. ಆಮೇಲೆ ನಕ್ಕ ನಗುವಿಗೆ ಸುತ್ತಲಿನ ಗೂಡುಗಳಿಂದ ನಾಲ್ಕೈದು ತಲೆಗಳು ಮೇಲೆದ್ದವು. ಅವನು ಕಣ್ಣೊರೆಸಿಕೊಂಡು ಪುಸ್ತಕ ತೆರೆದು, ಒಂದು ಪುಟದ ಮೇಲೆ ಬೆರಳಿಟ್ಟು ನಿಧಾನವಾಗಿ ಅರ್ಥ ಹೇಳಿದ. ಇಪ್ಪತ್ತೊಂದನೆಯ ಪದ್ಯದಲ್ಲಿ ದೈತ್ಯ ಸಮುದ್ರದಿಂದ ತಲೆಯೆತ್ತುತ್ತಾನೆ. ಅವನನ್ನು ಕಂಡ ಹಡಗಿನ ಅಡುಗೆಯವನು ಉಪ್ಪುಮೀನಿನ ಪೀಪಾಯಿಯೊಳಗೆ ಇಳಿದು, ಒಳಗಿನಿಂದ ಮುಚ್ಚಳ ಹಿಡಿದುಕೊಂಡು ಕೂರುತ್ತಾನೆ. ಹೊರಗಿನಿಂದ ಯಾರು ಎಷ್ಟು ಎಳೆದರೂ ಬಿಡುವುದಿಲ್ಲ.

"ಅಮ್ಮನ ಊಹೆಯೂ ಅದೇ ಪದ್ಯವಾಗಿತ್ತು" ಎಂದ.